‘ಪ್ರಾಮಿಸಿಂಗ್’ ಎಂಬ ಪದ: ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು, ಬೇರೆಯವರು ಹೇಳಿದಾಗ ಹೇಗೆ ತಿಳಿಯಬೇಕು

ಇಂಗ್ಲಿಷಿನಲ್ಲಿ ಶಿಫಾರಸು ಪತ್ರ ಬರೆಯುವ ಮೇಷ್ಟ್ರು, ಬಯೋಡೇಟಾ ಸಿದ್ಧ ಮಾಡುವ ಹುಡುಗ, ಊರಿನ ಕ್ರಿಕೆಟ್ ಟೂರ್ನಿಯ ವರದಿ ಬರೆಯುವವ, ಹೋಮ್‌ಸ್ಟೇ ಮಾಡಲು ಬ್ಯಾಂಕಿಗೆ ಯೋಜನಾ ವರದಿ ಕೊಡುವವ, ಇವರೆಲ್ಲರ ಕೈಗೂ ಸಿಗುವ ಪದ ‘ಪ್ರಾಮಿಸಿಂಗ್’. ಸಿಗುವುದು ಸುಲಭ. ಸರಿಯಾದ ಜಾಗದಲ್ಲಿ ಇಡುವುದಕ್ಕೆ ಮಾತ್ರ ಸ್ವಲ್ಪ ಗಮನ ಬೇಕು. ಶಿರಸಿ, ಕುಮಟಾ, ಕಾರವಾರದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಂದವರು ಜಾಸ್ತಿ ಇದ್ದಾರೆ. ಅವರನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಅರ್ಥ ಗಟ್ಟಿ ಮಾಡಿಕೊಳ್ಳಿ

ಈಗ ಕಾಣುವ ಲಕ್ಷಣ ನೋಡಿದರೆ ಮುಂದೆ ಚೆನ್ನಾಗಿ ಆಗುವ ಹಾಗಿದೆ. ‘ಪ್ರಾಮಿಸಿಂಗ್’ ಎಂದರೆ ಇಷ್ಟೇ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂದು ನಾವು ಯಾವ ಹುಡುಗನನ್ನು ನೋಡಿ ಹೇಳುತ್ತೇವೋ ಇಂಗ್ಲಿಷಿನವರು ಅವನನ್ನೇ ಪ್ರಾಮಿಸಿಂಗ್ ಎನ್ನುತ್ತಾರೆ. ಇದರಲ್ಲಿ ಎರಡು ಭಾಗ ಇದೆ. ಒಂದು, ಕಣ್ಣಿಗೆ ಕಾಣುವ ಏನೋ ಒಂದು ಲಕ್ಷಣ ಈಗಲೇ ಇರಬೇಕು. ಎರಡು, ಫಲ ಇನ್ನೂ ಬಂದಿರಬಾರದು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಈ ಪದ ಅಲ್ಲಿ ನಿಲ್ಲುವುದಿಲ್ಲ.

ನಮ್ಮಲ್ಲಿ ತುಂಬಾ ಜನ ಇದನ್ನು ಕೇಳಿದ ಕೂಡಲೇ ‘ಪ್ರಾಮಿಸ್’ ನೆನಪು ಮಾಡಿಕೊಂಡು, ‘ಪ್ರಾಮಿಸಿಂಗ್ ಪರ್ಸನ್’ ಎಂದರೆ ಕೊಟ್ಟ ಮಾತು ಉಳಿಸಿಕೊಳ್ಳುವ ಮನುಷ್ಯ ಎಂದುಕೊಳ್ಳುತ್ತಾರೆ. ಬಯೋಡೇಟಾದಲ್ಲಿ ‘ಐ ಆಮ್ ಎ ಪ್ರಾಮಿಸಿಂಗ್ ಪರ್ಸನ್’ ಎಂದು ಬರೆಯುವುದು ಇದೇ ಕಾರಣಕ್ಕೆ. ಮಾತಿಗೆ ತಪ್ಪದವ ಎಂದು ಹೇಳಬೇಕಾದರೆ ‘ರಿಲಾಯಬಲ್’ ಅಥವಾ ‘ಡಿಪೆಂಡಬಲ್’ ಎನ್ನಿ. ಅದಕ್ಕೆಂದೇ ಇರುವ ಪದಗಳು ಅವು.

ಗೊಂದಲ ಯಾಕೆ ಆಗುತ್ತದೆ ಎಂದು ನೋಡಲು ಕನ್ನಡದ ‘ಭರವಸೆ’ಯನ್ನೇ ತೆಗೆದುಕೊಳ್ಳಿ. ‘ಶಾಸಕರು ಭರವಸೆ ಕೊಟ್ಟರು’ ಎಂದಾಗ ಅದು ಬಾಯಿಮಾತು, ಅಲ್ವಾ? ‘ಹುಡುಗ ಭರವಸೆ ಮೂಡಿಸಿದ’ ಎಂದಾಗ ಹುಡುಗ ಬಾಯಿಯನ್ನೇ ತೆರೆದಿಲ್ಲ, ಅವನ ಆಟ ನೋಡಿ ನಮಗೇ ಹಾಗೆ ಅನ್ನಿಸಿದೆ. ಪ್ರಾಮಿಸ್ ಕೂಡ ಹೀಗೆಯೇ ಎರಡೂ ಕೆಲಸ ಮಾಡುತ್ತದೆ. ಪ್ರಾಮಿಸರಿ ನೋಟಿನಲ್ಲಿ ಇರುವುದು, ನೂರರ ನೋಟಿನ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿಯ ಮೇಲೆ ಅಚ್ಚಾಗಿರುವುದು ಮೊದಲನೆಯ ಅರ್ಥ, ಕೊಡುತ್ತೇನೆ ಎಂಬ ಮಾತು. ಪ್ರಾಮಿಸಿಂಗ್‌ನಲ್ಲಿ ಇರುವುದು ಎರಡನೆಯದು. ‘ಭರವಸೆ ಕೊಡುವ’ ಮತ್ತು ‘ಭರವಸೆ ಮೂಡಿಸುವ’ ಎಂದು ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

‘ವೆರಿ’ ಹಾಕಿ ನೋಡಿ

ಇದೇ ರೂಪ ಕ್ರಿಯಾಪದವಾಗಿಯೂ ಬರುತ್ತದೆ. ‘ದ ಮಿನಿಸ್ಟರ್ ಈಸ್ ಪ್ರಾಮಿಸಿಂಗ್ ಎ ರೈಲ್ವೇ ಲೈನ್’ ಎಂದರೆ ಮಂತ್ರಿಗಳು ರೈಲು ಮಾರ್ಗದ ಮಾತು ಕೊಡುತ್ತಿದ್ದಾರೆ ಎಂದರ್ಥ. ಹುಬ್ಬಳ್ಳಿ-ಅಂಕೋಲಾ ಮಾರ್ಗದ ಬಗ್ಗೆ ದಶಕಗಳಿಂದ ಕೇಳುತ್ತಾ ಬಂದ ನಮಗೆ ಈ ವಾಕ್ಯದ ಪರಿಚಯ ಚೆನ್ನಾಗಿಯೇ ಇದೆ. ‘ದ ಮಿನಿಸ್ಟರ್ ಈಸ್ ಪ್ರಾಮಿಸಿಂಗ್’ ಎಂದು ಅಲ್ಲಿಗೇ ನಿಲ್ಲಿಸಿದರೆ ಅರ್ಥವೇ ಬದಲಾಗುತ್ತದೆ. ಈ ಮಂತ್ರಿ ಮುಂದೆ ಹೆಸರು ಮಾಡುವ ಹಾಗಿದೆ ಎಂದಾಗುತ್ತದೆ.

ಅನುಮಾನ ಬಂದರೆ ಪದದ ಮುಂದೆ ‘ವೆರಿ’ ಸೇರಿಸಿ ಓದಿ. ‘ವೆರಿ ಪ್ರಾಮಿಸಿಂಗ್ ಎ ರೈಲ್ವೇ ಲೈನ್’ ಬಾಯಿಗೆ ಕೂರುವುದಿಲ್ಲ, ಹಾಗಾಗಿ ಅಲ್ಲಿ ಅದು ಕ್ರಿಯಾಪದ. ‘ಎ ವೆರಿ ಪ್ರಾಮಿಸಿಂಗ್ ಬೌಲರ್’ ಸಲೀಸಾಗಿ ಬರುತ್ತದೆ, ಅಲ್ಲಿ ಅದು ಗುಣವಾಚಕ.

ಫಲ ಬಂದ ಮೇಲೆ ಈ ಪದ ಬೇಡ

ನನಗೆ ಬಹಳ ಮುಖ್ಯ ಅನ್ನಿಸುವುದು ಇದು. ಪ್ರಾಮಿಸಿಂಗ್‌ಗೆ ಒಂದು ಅವಧಿ ಇದೆ. ಕೆಲಸ ಶುರುವಾಗಿ ಫಲ ಬರುವವರೆಗೆ ಮಾತ್ರ ಅದು ಬಾಳುತ್ತದೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗಸ್ಟಿನಲ್ಲಿ ಬೋಟು ಹೊರಟು ಮೊದಲ ವಾರವೇ ಬಂಗಡೆ ಚೆನ್ನಾಗಿ ಬಿತ್ತು ಎನ್ನಿ. ಆಗ ‘ದ ಸೀಸನ್ ಹ್ಯಾಸ್ ಮೇಡ್ ಎ ಪ್ರಾಮಿಸಿಂಗ್ ಸ್ಟಾರ್ಟ್’ ಎಂದು ಬರೆದರೆ ಪದ ಸರಿಯಾದ ಜಾಗದಲ್ಲಿದೆ. ಲಕ್ಷಣ ಕಂಡಿದೆ, ವರ್ಷದ ಲೆಕ್ಕ ಇನ್ನೂ ಬರಬೇಕು. ಮೇ ತಿಂಗಳು ಮುಗಿಯುವಾಗ ಮಾತ್ರ ಈ ಪದ ಬೇಡ. ಆಗ ‘ಗುಡ್ ಸೀಸನ್’ ಅಥವಾ ‘ಪೂರ್ ಸೀಸನ್’, ಎರಡರಲ್ಲಿ ಒಂದನ್ನು ನೇರವಾಗಿ ಹೇಳಬೇಕು.

ಮನುಷ್ಯರ ವಿಷಯಕ್ಕೆ ಬಂದರೆ ನಮ್ಮ ಕಾರವಾರದಲ್ಲೇ ಉದಾಹರಣೆ ಇದೆ. ರವೀಂದ್ರನಾಥ ಠಾಗೋರ್ 1883ರಲ್ಲಿ ಇಲ್ಲಿಗೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮನಿಗೆ 22ರ ಆಸುಪಾಸು. ಆ ತರುಣ ಇಲ್ಲಿದ್ದಾಗಲೇ ಒಂದು ನಾಟಕ ಬರೆದರು, ಇವತ್ತು ಕಡಲ ದಂಡೆಗೆ ಅವರದೇ ಹೆಸರಿದೆ. ಆ ವರ್ಷ ಯಾರಾದರೂ ಅವರನ್ನು ‘ಎ ಪ್ರಾಮಿಸಿಂಗ್ ಯಂಗ್ ಪೊಯೆಟ್’ ಎಂದಿದ್ದರೆ ಅದು ಒಳ್ಳೆಯ ಹೊಗಳಿಕೆಯೇ. ನೊಬೆಲ್ ಬಂದದ್ದು 1913ರಲ್ಲಿ. ಅದಾದ ಮೇಲೂ ಹಾಗೆಂದರೆ ಅವಮಾನ. ‘ಇನ್ನೂ ಏನೂ ಆಗಿಲ್ಲ, ಮುಂದೆ ಆಗಬಹುದು’ ಎಂಬ ಅರ್ಥ ಈ ಪದದ ಜೊತೆಗೇ ಬರುತ್ತದೆ.

ಹಾಗಾಗಿ ವಯಸ್ಸಾದ ಯಕ್ಷಗಾನ ಕಲಾವಿದರಿಗೆ ಸನ್ಮಾನ ಪತ್ರ ಬರೆಯುವಾಗ, ನಿವೃತ್ತಿಗೆ ಹತ್ತಿರ ಇರುವ ಅಧಿಕಾರಿಯನ್ನು ಇಂಗ್ಲಿಷಿನಲ್ಲಿ ಪರಿಚಯಿಸುವಾಗ ಈ ಪದವನ್ನು ದೂರ ಇಡಿ. ಹೊಗಳಲು ಹೋಗಿ ಕೆಳಗೆ ಇಳಿಸಿದ ಹಾಗಾಗುತ್ತದೆ. ಅಲ್ಲಿಗೆ ‘ಅಕಂಪ್ಲಿಶ್ಡ್’ ಅಥವಾ ‘ಡಿಸ್ಟಿಂಗ್ವಿಶ್ಡ್’ ಸರಿ.

ವಸ್ತುಗಳಿಗೂ ಇದೇ ಲೆಕ್ಕ. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ನೋಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆಗಾಲ ಬಂತೆಂದರೆ ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಅಜ್ಜನ ಕಾಲದಿಂದ ಹೊಡೆಯುತ್ತಾ ಬಂದದ್ದು ಇದನ್ನೇ. ಇದು ಪ್ರಾಮಿಸಿಂಗ್ ಅಲ್ಲ, ‘ಪ್ರೂವನ್’. ಹೊಸದೊಂದು ಔಷಧವನ್ನು ಒಂದೆರಡು ತೋಟದಲ್ಲಿ ಹೊಡೆದು ನೋಡಿ ಕೊಳೆ ಕಡಿಮೆಯಾಗಿದೆ ಎಂದರೆ ಅದು ಪ್ರಾಮಿಸಿಂಗ್. ಅಂಗಡಿಯವರು ಕೊಡುವ ಕರಪತ್ರದಲ್ಲಿ ಯಾವ ಪದ ಇದೆ ಎಂದು ಓದಿ, ಇಡೀ ತೋಟಕ್ಕೆ ಒಂದೇ ಸಲ ಹೊಡೆಯುವ ಮೊದಲು.

ನಿಮ್ಮ ಬಗ್ಗೆ ನೀವೇ ಹೇಳಿಕೊಳ್ಳಬೇಡಿ

ಪ್ರಾಮಿಸಿಂಗ್ ಎನ್ನುವುದು ನೋಡಿದವರು ಹೇಳುವ ಮಾತು. ಸಂದರ್ಶನದಲ್ಲಿ ‘ಐ ಆಮ್ ಎ ಪ್ರಾಮಿಸಿಂಗ್ ಕ್ಯಾಂಡಿಡೇಟ್’ ಎಂದರೆ ಕೇಳುವವರಿಗೆ ಮುಜುಗರ. ನೀವು ಮಾಡಿದ ಕೆಲಸ ಹೇಳಿ, ಪದವನ್ನು ಅವರ ಮನಸ್ಸಿಗೆ ಬಿಡಿ. ನಿಮ್ಮ ಯೋಜನೆ, ನಿಮ್ಮ ತೋಟದ ಫಸಲು, ನಿಮ್ಮ ಪ್ರಯೋಗದ ಬಗ್ಗೆ ಹೇಳಬಹುದು, ಅದಕ್ಕೆ ಅಡ್ಡಿ ಇಲ್ಲ. ‘ದ ಅರ್ಲಿ ರಿಸಲ್ಟ್ಸ್ ಆರ್ ಪ್ರಾಮಿಸಿಂಗ್’ ತೀರಾ ಸಹಜವಾದ ವಾಕ್ಯ.

ಶಿಫಾರಸು ಪತ್ರ: ಪದಕ್ಕೆ ಮೊದಲು ಸಾಕ್ಷಿ

ಹೆಚ್ಚಿನ ಪತ್ರಗಳು ಇಲ್ಲಿಯೇ ಸೋಲುತ್ತವೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಕುಮಟಾ ಕಡೆಯ ಒಬ್ಬ ಬಿಎಸ್‌ಸಿ ವಿದ್ಯಾರ್ಥಿನಿ ಅಂದುಕೊಳ್ಳಿ. ಅಘನಾಶಿನಿ ಅಳಿವೆಯಲ್ಲಿ ಸಿಗುವ ಬಳಚು ಎಂಬ ಚಿಪ್ಪುಮೀನಿನ ಬಗ್ಗೆ ಆಸಕ್ತಿ ಇದೆ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಅಳಿವೆ ಅದು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ, ಅಂಥ ಒಂದು ಕಡೆ ಬೇಸಿಗೆ ಪ್ರಾಜೆಕ್ಟ್ ಮಾಡಲು ಕೇಳಬೇಕು. ಅದಕ್ಕೆ ಮೇಷ್ಟ್ರ ಪತ್ರ ಬೇಕು.

ಸಾಮಾನ್ಯವಾಗಿ ಬರುವ ಪತ್ರ ಹೀಗಿರುತ್ತದೆ: ‘ಶೀ ಈಸ್ ಎ ವೆರಿ ಪ್ರಾಮಿಸಿಂಗ್, ಸಿನ್ಸಿಯರ್, ಹಾರ್ಡ್‌ವರ್ಕಿಂಗ್ ಅಂಡ್ ಒಬೀಡಿಯೆಂಟ್ ಸ್ಟೂಡೆಂಟ್. ಐ ವಿಶ್ ಹರ್ ಆಲ್ ಸಕ್ಸೆಸ್.’ ನಾಲ್ಕು ಗುಣ ಇದೆ, ಒಂದಕ್ಕೂ ಸಾಕ್ಷಿ ಇಲ್ಲ. ಓದುವವರ ಮೇಜಿನ ಮೇಲೆ ಇದೇ ನಾಲ್ಕು ಪದ ಇರುವ ಪತ್ರ ಇನ್ನೂ ಹತ್ತು ಇರುತ್ತವೆ, ಅದರಲ್ಲಿ ಯಾವುದನ್ನು ನಂಬಬೇಕು? ಹುಡುಗಿ ನಿಜವಾಗಿ ಚುರುಕಾಗಿದ್ದರೂ ಪತ್ರದಿಂದ ಅದು ಗೊತ್ತೇ ಆಗುವುದಿಲ್ಲ, ಅದು ಅವಳಿಗೆ ಮಾಡುವ ಅನ್ಯಾಯ.

ಇದನ್ನು ಸರಿ ಮಾಡುವ ಕ್ರಮ ಹೀಗೆ. ಮೊದಲ ವಾಕ್ಯದಲ್ಲಿ ಪ್ರಾಮಿಸಿಂಗ್ ಹಾಕಬೇಡಿ. ಕಣ್ಣಾರೆ ಕಂಡದ್ದನ್ನು ಬರೆಯಿರಿ. ಒಂದು ಸೆಮಿಸ್ಟರ್ ಪೂರ್ತಿ ಇಳಿತದ ಹೊತ್ತಿಗೆ ಅದೇ ಮೂರು ಜಾಗಕ್ಕೆ ಹೋಗಿ ಬಳಚು ಎಣಿಸಿ, ಅಳೆದು, ತೂಕ ಮಾಡಿ ಪುಸ್ತಕದಲ್ಲಿ ಬರೆದಿಟ್ಟಳು. ಒಂದೂ ಸಿಗದ ದಿನ ಪುಟ ಖಾಲಿ ಬಿಡದೆ ಸೊನ್ನೆ ಎಂದು ಬರೆದಳು. ಈ ಸೊನ್ನೆಯ ಮಾತು ಬಹಳ ದೊಡ್ಡದು. ಸಂಶೋಧನೆ ಗೊತ್ತಿರುವ ಯಾರೇ ಓದಿದರೂ ಹುಡುಗಿಗೆ ಶಿಸ್ತು ಇದೆ ಎಂದು ತಕ್ಷಣ ತಿಳಿಯುತ್ತದೆ. ನೀವು ‘ಸಿನ್ಸಿಯರ್’ ಎಂದು ಬರೆಯುವ ಅಗತ್ಯವೇ ಬೀಳುವುದಿಲ್ಲ.

ಆಮೇಲೆ ಇನ್ನೂ ಕಲಿಯಬೇಕಾದದ್ದು ಏನು ಎಂದು ಒಂದು ವಾಕ್ಯ ಬರೆಯಿರಿ. ಅಂಕಿ-ಅಂಶಗಳ ಲೆಕ್ಕ ಅವಳಿಗೆ ಇನ್ನೂ ಹೊಸದು, ಆದರೆ ತಾನಾಗಿಯೇ ಬಂದು ಕೇಳಿ ಕಲಿಯುತ್ತಿದ್ದಾಳೆ. ನಮ್ಮವರಿಗೆ ಇದನ್ನು ಬರೆಯಲು ಹೆದರಿಕೆ, ಹುಡುಗಿಗೆ ತೊಂದರೆ ಆದೀತು ಅಂತ. ಆಗುವುದಿಲ್ಲ. ಕೊರತೆ ಹೇಳಿದ ಪತ್ರದ ಹೊಗಳಿಕೆಯನ್ನು ಜನ ನಂಬುತ್ತಾರೆ. ಪ್ರಾಮಿಸಿಂಗ್ ಎಂಬ ಪದದ ಒಳಗೇ ‘ಇನ್ನೂ ದಾರಿ ಇದೆ’ ಎಂಬುದು ಇರುವಾಗ ಆ ದಾರಿ ಯಾವುದು ಎಂದು ಹೇಳಿದರೆ ಪದಕ್ಕೆ ತೂಕ ಬರುತ್ತದೆ.

ಇವೆರಡೂ ಆದ ಮೇಲೆ ಪದ ತನ್ನಿ: ‘ಶೀ ಈಸ್ ಒನ್ ಆಫ್ ದ ಮೋಸ್ಟ್ ಪ್ರಾಮಿಸಿಂಗ್ ಸ್ಟೂಡೆಂಟ್ಸ್ ಐ ಹ್ಯಾವ್ ಟಾಟ್.’ ಇಲ್ಲಿ ‘ಸ್ಟೂಡೆಂಟ್ಸ್’ ಎಂದು ಬಹುವಚನವೇ ಇರಬೇಕು. ‘ಒನ್ ಆಫ್ ದ’ ಆದಮೇಲೆ ಏಕವಚನ ಬರೆಯುವುದು ನಮ್ಮ ಕಡೆಯ ಪತ್ರಗಳಲ್ಲಿ ಪದೇ ಪದೇ ಕಾಣುವ ತಪ್ಪು. ಪದವನ್ನು ಒಂದೇ ಸಲ ಬಳಸಿ. ಎಲ್ಲಾ ವಿದ್ಯಾರ್ಥಿಗಳಿಗೂ ಬರೆದುಕೊಡುತ್ತಾ ಹೋದರೆ ನಿಮ್ಮ ಪತ್ರಕ್ಕೇ ಬೆಲೆ ಹೋಗುತ್ತದೆ, ನಿಜವಾಗಿ ಅರ್ಹತೆ ಇದ್ದವರಿಗೆ ಬರೆಯುವಾಗ ನಿಮ್ಮ ಕೈಯಲ್ಲಿ ಪದವೇ ಉಳಿದಿರುವುದಿಲ್ಲ.

ಇದನ್ನೇ ಬೇರೆ ರೀತಿಯಲ್ಲೂ ಹೇಳಬಹುದು. ‘ಶೀ ಶೋಸ್ ಗ್ರೇಟ್ ಪ್ರಾಮಿಸ್.’ ಈ ಅರ್ಥದಲ್ಲಿ ಪ್ರಾಮಿಸ್ ಎಣಿಸುವ ಪದ ಅಲ್ಲ. ಮುಂದೆ ‘ಎ’ ಬೇಡ, ಹಿಂದೆ ‘ಸ್’ ಬೇಡ. ‘ಶೋಸ್ ಪ್ರಾಮಿಸಸ್’ ಎಂದು ಬರೆದರೆ ಯಾರಿಗೋ ಕೊಟ್ಟ ಮಾತುಗಳನ್ನು ತೋರಿಸುತ್ತಿದ್ದಾಳೆ ಎಂದಾಗುತ್ತದೆ.

ಪಕ್ಕದ ಪದಗಳು

‘ಹೋಪ್‌ಫುಲ್’ ಎಂದರೆ ಆಸೆ ಇಟ್ಟುಕೊಂಡವರು ನಾವು. ಫಸಲು ಪ್ರಾಮಿಸಿಂಗ್, ರೈತ ಹೋಪ್‌ಫುಲ್. ‘ಆಸ್ಪೈರಿಂಗ್’ ಎಂದರೆ ಆಗಬೇಕು ಎಂಬ ಬಯಕೆ ಇದೆ, ಪ್ರತಿಭೆಯ ಬಗ್ಗೆ ಆ ಪದ ಏನೂ ಹೇಳುವುದಿಲ್ಲ. ‘ಬಡ್ಡಿಂಗ್’ ಎಂದರೆ ಈಗ ತಾನೇ ಶುರು ಮಾಡಿದವರು. ‘ಪೊಟೆನ್ಷಿಯಲ್ ಕಸ್ಟಮರ್’, ‘ಪ್ರಾಸ್ಪೆಕ್ಟಿವ್ ಬಯರ್’ ಎಂದಾಗ ಮುಂದೆ ಗಿರಾಕಿ ಆಗಬಹುದಾದವರು ಎಂದಷ್ಟೇ, ಹೊಗಳಿಕೆ ಇಲ್ಲ. ‘ಆಸ್ಪಿಶಸ್’ ನಮ್ಮ ಶುಭ ಮುಹೂರ್ತದ ಜಾತಿಗೆ ಸೇರಿದ್ದು. ಗೃಹಪ್ರವೇಶದ ಆಮಂತ್ರಣಕ್ಕೆ ಅದೇ ಸರಿ, ಪ್ರಾಮಿಸಿಂಗ್ ಡೇ ಎಂದು ಹಾಕಬೇಡಿ.

ಇನ್ನು ಪದಗಳ ಕ್ರಮ. ‘ಯಂಗ್’ ಬಂದರೆ ಅದರ ಮುಂಚೆ ಪ್ರಾಮಿಸಿಂಗ್ ಬರುತ್ತದೆ. ‘ಎ ಪ್ರಾಮಿಸಿಂಗ್ ಯಂಗ್ ರೈಡರ್’ ಎಂದು ಕಬಡ್ಡಿ ವರದಿಯಲ್ಲಿ ಬರೆಯಬೇಕು, ತಿರುಗಿಸಿ ಬರೆದರೆ ಕಿವಿಗೆ ಒಡಕು.

ಬೇರೆಯವರು ಹೇಳಿದಾಗ

ಗೋಕರ್ಣದಲ್ಲಿ ಹೋಮ್‌ಸ್ಟೇ ಮಾಡುವ ಯೋಜನೆಯನ್ನು ನೀವು ಬೆಂಗಳೂರಿನ ಯಾರಿಗೋ ಮೇಲ್ ಮಾಡಿದ್ದೀರಿ, ‘ಸೌಂಡ್ಸ್ ಪ್ರಾಮಿಸಿಂಗ್’ ಎಂದು ಉತ್ತರ ಬಂದಿದೆ. ಅದನ್ನು ಒಪ್ಪಿಗೆ ಎಂದು ತಿಳಿದು ಗೋಡೆ ಎಬ್ಬಿಸಬೇಡಿ. ಕೇಳಲು ಚೆನ್ನಾಗಿದೆ, ಇನ್ನಷ್ಟು ಹೇಳಿ ಎಂಬಷ್ಟೇ ಅದರ ಅರ್ಥ. ಮುಂದಿನ ಮೇಲ್‌ನಲ್ಲಿ ಖರ್ಚಿನ ಲೆಕ್ಕ, ಜಾಗದ ದಾಖಲೆ ಕಳಿಸಿ. ‘ನಾಟ್ ವೆರಿ ಪ್ರಾಮಿಸಿಂಗ್’ ಎಂದು ಬಂದರೆ ಅದು ಸೌಮ್ಯವಾಗಿ ಹೇಳಿದ ‘ಆಗಲಿಕ್ಕಿಲ್ಲ’. ಕಾಯುತ್ತಾ ಕೂರದೆ ಬೇರೆ ಕಡೆ ಕೇಳಿ.

ಆರೋಗ್ಯದ ಸುದ್ದಿಯಲ್ಲಿ ಈ ಪದ ಕಂಡರೆ ಇನ್ನೂ ಹುಷಾರಾಗಿರಬೇಕು. ಸಿದ್ದಾಪುರ ಕಡೆ ಬೇಸಿಗೆ ಬಂತೆಂದರೆ ಮಂಗನ ಕಾಯಿಲೆಯ ಭಯ. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಯಾವುದೇ ಹೊಸ ಲಸಿಕೆಯ ಬಗ್ಗೆ ‘ಪ್ರಾಮಿಸಿಂಗ್ ರಿಸಲ್ಟ್ಸ್’ ಎಂದು ಪತ್ರಿಕೆಯಲ್ಲಿ ಬಂದರೆ, ಆರಂಭದ ಪರೀಕ್ಷೆಯಲ್ಲಿ ಒಳ್ಳೆಯ ಲಕ್ಷಣ ಕಂಡಿದೆ ಎಂದು ಮಾತ್ರ ಓದಿಕೊಳ್ಳಿ. ಮನುಷ್ಯರ ಮೇಲಿನ ಪರೀಕ್ಷೆಯ ಮೊದಲ ಹಂತದಲ್ಲಿ ಕೆಲವೇ ಜನರಿಗೆ ಕೊಟ್ಟು ಮುಖ್ಯವಾಗಿ ಸುರಕ್ಷತೆ ನೋಡುತ್ತಾರೆ. ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ ಎಂದು ಗಟ್ಟಿಯಾಗಿ ತಿಳಿಯುವುದು ಮೂರನೆಯ ಹಂತದಲ್ಲಿ, ತುಂಬಾ ಜನರಿಗೆ ಕೊಟ್ಟ ಮೇಲೆ. ಮೊದಲ ಹಂತ ದಾಟಿದ ಎಷ್ಟೋ ಔಷಧಗಳು ಕೊನೆಯವರೆಗೆ ಬರುವುದೇ ಇಲ್ಲ. ಆದ್ದರಿಂದ ‘ಲಸಿಕೆ ಸಿಕ್ತು’ ಎಂದು ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅದನ್ನು ನಂಬಿ ಯಾರೋ ಉಣ್ಣಿ ದೂರ ಇಡುವ ಎಣ್ಣೆ ಹಚ್ಚಿಕೊಳ್ಳದೆ ಕಾಡಿಗೆ ದರಕು (ಒಣಗಿದ ಎಲೆ) ತರಲು ಹೋದರೆ, ಈ ಕಾಯಿಲೆ ಹರಡುವ ಉಣ್ಣಿ ಕಚ್ಚುವುದು ಅವರನ್ನು.

ದುಡ್ಡಿನ ವಿಷಯದಲ್ಲಿ ‘ಪ್ರಾಮಿಸಿಂಗ್ ರಿಟರ್ನ್ಸ್’ ಎಂಬ ಜಾಹೀರಾತು ಬರುತ್ತದೆ. ಬರೆದವರು ಆಶಾದಾಯಕ ಎಂದಿರುತ್ತಾರೆ, ನಾವು ಮಾತು ಕೊಟ್ಟಿದ್ದಾರೆ ಎಂದು ಓದುತ್ತೇವೆ. ಲಾಭ ಬರದೆ ಹೋದಾಗ ಆ ಪದ ಹಿಡಿದು ಕೇಳಲು ಬರುವುದಿಲ್ಲ. ಖಚಿತ ಲಾಭ ಎಂದೇ ಬಾಯಿಬಿಟ್ಟು ಹೇಳಿದರೆ ಅದು ಇನ್ನೂ ಕೆಟ್ಟದ್ದು, ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮದ ಪ್ರಕಾರ ನೋಂದಾಯಿತ ಹೂಡಿಕೆ ಸಲಹೆಗಾರರು ಹಾಗೆ ಹೇಳುವಂತಿಲ್ಲ. ಎರಡರಲ್ಲಿ ಯಾವುದು ಕಂಡರೂ ಅಡಿಕೆ ಮಾರಿದ ದುಡ್ಡನ್ನು ಹಾಕುವ ಮೊದಲು ಹಿಂದಿನ ವರ್ಷಗಳ ಲೆಕ್ಕ ಕೇಳಿ.

ಉಚ್ಚಾರ, ಬರವಣಿಗೆ

ಮೊದಲ ಅಕ್ಷರಕ್ಕೆ ಒತ್ತು, ಉಳಿದದ್ದು ಹಗುರ. ನಡುವಿನ ಸಕಾರವನ್ನು ಸರಳವಾಗಿ ‘ಸಿ’ ಎಂದೇ ಹೇಳಿ, ‘ಝಿ’ ಬೇಡ. ಬರೆಯುವಾಗ ಪ್ರಾಮಿಸ್‌ನ ಕೊನೆಯ ಇ ಅಕ್ಷರ ಬಿಟ್ಟು ಐಎನ್‌ಜಿ ಸೇರಿಸುವುದು, ಎಸ್ ಒಂದೇ.

ಪದದ ಮುಂದೆ ‘ಕಾಮ್’ ಸೇರಿ ‘ಕಾಂಪ್ರಮೈಸಿಂಗ್’ ಆಗದ ಹಾಗೆ ನೋಡಿಕೊಳ್ಳಿ. ‘ಕಾಂಪ್ರಮೈಸಿಂಗ್ ಸಿಚುಯೇಶನ್’ ಎಂದರೆ ಮಾನ ಹೋಗುವಂಥ ಸಂದರ್ಭ. ಮೊಬೈಲಿನಲ್ಲಿ ಬೇಗ ಬೇಗ ಟೈಪ್ ಮಾಡುವಾಗ ಕೀಬೋರ್ಡ್ ತಾನಾಗಿಯೇ ಪದ ಬದಲಿಸಿಬಿಡುತ್ತದೆ, ಎರಡೂ ಸರಿಯಾದ ಪದವೇ ಆದ್ದರಿಂದ ಕೆಳಗೆ ಕೆಂಪು ಗೆರೆಯೂ ಬರುವುದಿಲ್ಲ. ಕಳಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ.

ಕನ್ನಡಕ್ಕೆ ತರುವಾಗ

ಸುದ್ದಿ ಬರೆಯುವವರಿಗೆ ಕೊನೆಯದಾಗಿ ಇಷ್ಟು. ಮನುಷ್ಯರಿಗೆ ‘ಭರವಸೆಯ’ ಚೆನ್ನಾಗಿ ಒಪ್ಪುತ್ತದೆ: ಭರವಸೆಯ ಓಟಗಾರ್ತಿ, ಭರವಸೆಯ ಭಾಗವತ. ಫಲಿತಾಂಶ, ಬೆಳೆ, ಮಾತುಕತೆಗೆ ‘ಆಶಾದಾಯಕ’. ‘ಭರವಸೆಯ ಫಲಿತಾಂಶ’ ಎಂದು ಬರೆದರೆ ಯಾರೋ ಫಲಿತಾಂಶದ ಆಶ್ವಾಸನೆ ಕೊಟ್ಟ ಹಾಗೆ ಕೇಳುತ್ತದೆ. ‘ಪ್ರಾಮಿಸಿಂಗ್ ಸ್ಟಾರ್ಟ್’ಗೆ ‘ಒಳ್ಳೆಯ ಆರಂಭ’ ಸಾಕು. ‘ಎ ಒನ್ಸ್-ಪ್ರಾಮಿಸಿಂಗ್ ಪ್ಲೇಯರ್’ ಎಂದು ಬಂದರೆ, ಒಂದು ಕಾಲದಲ್ಲಿ ಭರವಸೆ ಮೂಡಿಸಿದ್ದ, ಆಮೇಲೆ ಅದು ಕೈಗೂಡಲಿಲ್ಲ ಎಂಬುದು ಆ ‘ಒನ್ಸ್’ನಲ್ಲೇ ಇದೆ. ‘ಭರವಸೆ ಮೂಡಿಸಿದ್ದ ಆಟಗಾರ’ ಎಂದು ಬರೆದರೆ ಅದಷ್ಟೂ ಕನ್ನಡದಲ್ಲಿ ಬಂದುಬಿಡುತ್ತದೆ, ಬೇರೆ ವಿವರಣೆ ಬೇಕಿಲ್ಲ.